ಹಳೆಯ ಬಸ್ಸು ಮನೆಯಾಗುವ ಮುನ್ನ

ಅಮೆರಿಕದಲ್ಲಿ ಶಾಲೆಗಳು ಮಾರಿದ ಹಳದಿ ಬಸ್ಸುಗಳನ್ನು ಕೊಂಡು ಸಂಚಾರಿ ಮನೆ ಮಾಡಿಕೊಳ್ಳುವವರಿದ್ದಾರೆ. ಬಸ್ಸು ಎಷ್ಟು ಮೈಲಿ ಓಡಿದೆ ಎಂದು ಕೇಳುವುದು ಸಹಜ; ಆದರೆ ಮೊದಲು ನೋಡಬೇಕಾದದ್ದು ತುಕ್ಕನ್ನು. ಇಂಟರ್‌ನ್ಯಾಷನಲ್ ಡಿಟಿ466ನಂಥ ಡೀಸೆಲ್ ಎಂಜಿನ್ನಿನ ಸಿಲಿಂಡರ್ ಲೈನರ್‌ಗಳನ್ನು ಎಂಜಿನ್ ಕೆಳಗಿಳಿಸದೆಯೇ ಬದಲಿಸಬಹುದು. ಚಾಸಿಸ್ ತುಕ್ಕು ಹಿಡಿದು ಟೊಳ್ಳಾದರೆ ಅಂಥ ಸುಲಭದ ದಾರಿಯಿಲ್ಲ. ಉತ್ತರದ ರಾಜ್ಯಗಳಲ್ಲಿ ಹಿಮ ಕರಗಿಸಲು ರಸ್ತೆಗೆ ಹಾಕುವ ಉಪ್ಪು ಬಸ್ಸಿನ ತಳವನ್ನು ತಿನ್ನುತ್ತದೆ. ಕಿಟಕಿಯಿಂದ ಸೋರಿದ ನೀರು ರಬ್ಬರ್ ಹಾಸಿನಡಿಯ ಪ್ಲೈವುಡ್‌ನಲ್ಲಿ ನಿಂತು ನೆಲದ ತಗಡನ್ನು ಕೊರೆಯುತ್ತದೆ. ಆದ್ದರಿಂದ ಬಸ್ಸಿನಡಿ ಟಾರ್ಚು ಹಿಡಿದು ನುಸುಳಿ, ಸುತ್ತಿಗೆಯಿಂದ ತಟ್ಟಿ, ಹಾಸಿನ ಅಂಚು ಎತ್ತಿ ನೋಡಿದ ಮೇಲಷ್ಟೇ ಬೆಲೆಯ ಮಾತು.

ಇಷ್ಟು ಕಷ್ಟವೇಕೆ, ಸಿದ್ಧ ಮೋಟಾರ್‌ಹೋಮ್ ಕೊಳ್ಳಬಾರದೇ ಎನ್ನಬಹುದು. ಸಿದ್ಧ ವಾಹನದಲ್ಲಿ ಅನುಕೂಲ ಹೆಚ್ಚು, ವಿಮೆ ಸಿಗುವುದೂ ಸುಲಭ. ಆದರೆ 1977ರಿಂದ ಜಾರಿಯಲ್ಲಿರುವ ನಿಯಮದಂತೆ ಶಾಲಾ ಬಸ್ಸಿನ ಚಾವಣಿ ಖಾಲಿ ಬಸ್ಸಿನ ತೂಕದ ಒಂದೂವರೆ ಪಟ್ಟು ಭಾರ ತಡೆಯಬೇಕು. ಹಳೆಯ ಬಸ್ಸಿನ ನಿಜವಾದ ಆಸ್ತಿ ಈ ಉಕ್ಕಿನ ಗೂಡೇ. ಎತ್ತರ ಸಾಲದೆಂದು ಚಾವಣಿಯ ಕಮಾನುಗಳನ್ನು ಕತ್ತರಿಸಿ ಏರಿಸುವವರು ಆ ಆಸ್ತಿಯನ್ನೇ ಪಣಕ್ಕಿಡುತ್ತಾರೆ. ಅದು ನುರಿತ ವೆಲ್ಡರ್‌ಗಳ ಕೆಲಸ. ಡೀಸೆಲ್ ಖರ್ಚಿನ ಆಕ್ಷೇಪವೂ ನಿಜವೇ. ದಿನವೂ ಓಡಾಡುವವರಿಗೆ ಬಸ್ಸು ಹೊರೆಯಾದೀತು. ಒಂದೆಡೆ ವಾರಗಟ್ಟಲೆ ತಂಗುವವರಿಗೆ ಅಷ್ಟಾಗಿ ತಟ್ಟದು. ಏನೇ ಇರಲಿ, ಮೊದಲ ಹಣ ಬ್ರೇಕು, ಟೈರು, ತುಕ್ಕಿನ ದುರಸ್ತಿಗೆ ಹೋಗಲಿ. ಮಂಚ, ಅಡುಗೆಕಟ್ಟೆ ಆಮೇಲೆ. ಒಳಗೆ ಮಲಗುವವರ ಪ್ರಾಣ ನಿಂತಿರುವುದು ಆ ಕ್ರಮದ ಮೇಲೆ.