ಮುಯ್ಯಿಯೂ ಬಾಗಿನವೂ

ಹಬ್ಬವೋ ಮದುವೆಯೋ ಸಮೀಪಿಸಿತೆಂದರೆ ಗೃಹಸ್ಥನಾದವನಿಗೆ ಎರಡು ಚಿಂತೆಗಳು ಒಟ್ಟಿಗೆ ಹುಟ್ಟುತ್ತವೆ. ಯಾರಿಗೆ ಏನು ಕೊಡಬೇಕೆಂಬುದು ಒಂದು. ಅವರು ಹಿಂದೆ ನಮಗೆ ಏನು ಕೊಟ್ಟಿದ್ದರೆಂಬುದು ಇನ್ನೊಂದು. ಮೊದಲನೆಯ ಚಿಂತೆಯಲ್ಲಿ ಸಂತೋಷವುಂಟು; ಎರಡನೆಯದರಲ್ಲಿ ಅದು ಅಷ್ಟಾಗಿ ಕಾಣದು. ನಮ್ಮ ಚಿತ್ರದುರ್ಗದ ಸೀಮೆಯಲ್ಲಿ ಈ ಎರಡನೆಯ ಚಿಂತೆಗೆ ಮೂಲವಾದ ವಸ್ತುವಿಗೆ ಮುಯ್ಯಿ ಎಂದು ಹೆಸರು.

ಈ ಪದದ ಮುಂದೆ ವಾಚಕರು ತುಸು ನಿಲ್ಲಬೇಕು. ಇಂದು ನೀನು ನನ್ನ ಹೊಲದಲ್ಲಿ ದುಡಿ, ನಾಳೆ ನಾನು ನಿನ್ನ ಹೊಲದಲ್ಲಿ ದುಡಿಯುವೆನೆಂಬ ಒಪ್ಪಂದದಿಂದ ಬರುವವನು ಮುಯ್ಯಾಳು. ಮದುವೆಯ ಚಪ್ಪರದಲ್ಲಿ ಬಂಧುಗಳು ಒಪ್ಪಿಸುವ ಹಣ, ವಸ್ತ್ರ, ಪಾತ್ರೆಗಳು ಮುಯ್ಯಿ. ಹಳೆಯ ಹಗೆಯನ್ನು ತೀರಿಸಿಕೊಳ್ಳುವುದಕ್ಕೂ ಮುಯ್ಯಿ ತೀರಿಸಿಕೊಳ್ಳುವುದೆಂದೇ ಹೇಳುತ್ತೇವೆ. ಉಪಕಾರಕ್ಕೂ ಅಪಕಾರಕ್ಕೂ ಒಂದೇ ಮಾತನ್ನು ಇಟ್ಟುಕೊಂಡ ಹಿರಿಯರು ಲೋಕವನ್ನು ಅರಿಯದವರೆಂದು ಹೇಳುವ ಧೈರ್ಯ ನಮಗಿಲ್ಲ.

ಈ ಪದ್ಧತಿಯನ್ನು ವಿದ್ಯಾವಂತರು ಹಳಿಯುವುದುಂಟು. ಪ್ರತ್ಯುಪಕಾರ ಮಾಡಲಾರದವನಿಗೆ ಕೊಟ್ಟದ್ದು ಸಾತ್ತ್ವಿಕವೆಂದೂ ಪ್ರತಿಫಲವನ್ನು ನಿರೀಕ್ಷಿಸಿ ಕೊಟ್ಟದ್ದು ರಾಜಸವೆಂದೂ ಗೀತೆಯ ಹದಿನೇಳನೆಯ ಅಧ್ಯಾಯದಲ್ಲಿರುವ ವಿಭಾಗವನ್ನು ಅವರು ಎತ್ತಿ ತೋರಿಸುತ್ತಾರೆ. ವಿಭಾಗವು ಸರಿಯೇ, ಆದರೆ ಅದು ದಾನದ ವಿಚಾರ. ಮುಯ್ಯಿ ದಾನವಲ್ಲ, ಬಡ್ಡಿಯಿಲ್ಲದ ಕೈಗಡ. ಹೊಸದುರ್ಗದ ತೆಂಗಿನ ತೋಟದವನಿಗಾಗಲಿ, ಮಳೆಯನ್ನೇ ನಂಬಿ ಶೇಂಗಾ ಬಿತ್ತುವ ಹಿರಿಯೂರಿನ ಬಯಲಿನ ರೈತನಿಗಾಗಲಿ, ಮಗಳ ಮದುವೆಯ ವರ್ಷದಲ್ಲಿಯೇ ಫಸಲು ಕೈಗೂಡುವುದೆಂದು ಭರವಸೆ ಕೊಡಬಲ್ಲವರು ಯಾರು? ವೇದಾವತಿಗೆ ಅಡ್ಡಲಾಗಿ 1907ರಲ್ಲಿ ಕಟ್ಟಿ ಮುಗಿಸಿದ ವಾಣೀವಿಲಾಸ ಸಾಗರವೇ 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೊಮ್ಮೆ ಕೋಡಿ ಬೀಳಲು 2022ನೆಯ ಇಸವಿಯವರೆಗೆ, ಎಂದರೆ 89 ವರ್ಷ, ಕಾಯಬೇಕಾಯಿತು. ಇಂತಹ ನಾಡಿನಲ್ಲಿ ನೂರು ಮನೆಗಳವರು ಒಂದು ಮನೆಯ ಮದುವೆಗೆ ಒದಗಿ, ತಮ್ಮ ಸರದಿ ಬಂದಾಗ ಕೊಟ್ಟದ್ದನ್ನು ಹಿಂದಕ್ಕೆ ಪಡೆಯುವುದು ವಿವೇಕವೇ ಸರಿ.

ಹಾಗಾದರೆ ಕೆಡುಕು ಎಲ್ಲಿ ಮೊದಲಾಯಿತು? ಪಡೆದದ್ದಕ್ಕಿಂತ ಹೆಚ್ಚಾಗಿ ಹಿಂದಿರುಗಿಸುವುದೇ ಮರ್ಯಾದೆಯೆಂದು ಜನ ಎಣಿಸಿದಲ್ಲಿ. ಐನೂರ ಒಂದು ಬಂದಿದ್ದರೆ ಸಾವಿರದ ಒಂದು; ಆ ಸಾವಿರದ ಒಂದಕ್ಕೆ ಮುಂದಿನ ಮದುವೆಯಲ್ಲಿ ಎರಡು ಸಾವಿರದ ಒಂದು. ಬಡ್ಡಿಯಿಲ್ಲದ ಸಾಲಕ್ಕೆ ಚಕ್ರಬಡ್ಡಿ ಬಿದ್ದಂತಾಯಿತು. ಬರ ಬಿದ್ದ ಒಂದು ವರ್ಷ ಹಿರಿಯೂರಿನ ಕಡೆಯ ರೈತರೊಬ್ಬರು ಸ್ವಂತ ತಂಗಿಯ ಮಗಳ ಮದುವೆಗೇ ಹೋಗದೆ ಉಳಿದರು. ವಧುವನ್ನು ಹಸೆಮಣೆಗೆ ಕರೆತರಬೇಕಾದವನೇ ಸೋದರಮಾವ! ಜ್ವರವೆಂದು ಹೇಳಿಕಳುಹಿಸಿದ್ದರು. ಜ್ವರವಿರಲಿಲ್ಲ. ತಂಗಿ ತಮ್ಮ ಮನೆಯ ಮದುವೆಗೆ ತಂದಿದ್ದ ಬೆಳ್ಳಿಯ ದೀಪಗಳಿಗೆ ಸಮನಾದದ್ದನ್ನು ಒಯ್ಯಲು ಕೈಯಲ್ಲಿ ಕಾಸಿರಲಿಲ್ಲ. ತಂಗಿಗೆ ಬೇಕಾಗಿದ್ದವನು ಅಣ್ಣ. ದೀಪಗಳನ್ನು ಅವಳು ಮರೆತೇ ಬಿಟ್ಟಿದ್ದಳು. ಈ ಸಂಗತಿ ಪರಸ್ಪರ ತಿಳಿಯುವುದರೊಳಗಾಗಿ ಎರಡು ಮನೆಗಳ ನಡುವೆ ನಾಲ್ಕು ವರ್ಷ ಮಾತು ನಿಂತಿತ್ತು.

ಮುಯ್ಯಿಯ ಪುಸ್ತಕವನ್ನು ಕಂಡು ನಗುವವರೊಡನೆ ಮಾತ್ರ ನಾವು ಸೇರುವುದಿಲ್ಲ. ಬಂದಷ್ಟನ್ನೇ ಹಿಂದಿರುಗಿಸುವುದಕ್ಕೆ ಲೆಕ್ಕ ಬೇಡವೇ? ಸರ್ಕಾರವೂ ಅಂಥದೊಂದು ಲೆಕ್ಕವನ್ನು ಕೇಳುತ್ತದೆ. 1961ರ ವರದಕ್ಷಿಣೆ ನಿಷೇಧದ ಕಾಯಿದೆಯು ಬೇಡದೆ ಬಂದ ಕಾಣಿಕೆಗಳಿಗೆ ಅಡ್ಡಿಮಾಡುವುದಿಲ್ಲ. ಆದರೆ 1985ರ ನಿಯಮಗಳ ಪ್ರಕಾರ ವಧುವಿಗೆ ಬಂದವುಗಳನ್ನು ವಧುವೂ ವರನಿಗೆ ಬಂದವುಗಳನ್ನು ವರನೂ ಪಟ್ಟಿಮಾಡಿ, ವಸ್ತುವಿನ ವಿವರ, ಸುಮಾರಾದ ಬೆಲೆ, ಕೊಟ್ಟವರ ಹೆಸರು, ಬಂಧುವಾದರೆ ಏನು ಸಂಬಂಧವೆಂಬುದು, ಇವನ್ನು ಕಾಣಿಸಿ, ಇಬ್ಬರೂ ರುಜುಮಾಡತಕ್ಕದ್ದು. ಹೆಣ್ಣನ್ನು ಹೆತ್ತವರು ಈ ಪಟ್ಟಿಯ ವಿಷಯದಲ್ಲಿ ಸಂಕೋಚಪಡಬಾರದೆಂದು ನಮ್ಮ ಅಭಿಪ್ರಾಯ.

ಇನ್ನು ವಿನೋದದ ಪ್ರಸಂಗಗಳು. ‘ಆಶೀರ್ವಾದವೇ ಉಡುಗೊರೆ’ ಎಂದು ಲಗ್ನಪತ್ರಿಕೆಯಲ್ಲಿ ಅಚ್ಚುಹಾಕಿಸಿ, ಚಪ್ಪರದ ಬಾಗಿಲಲ್ಲಿ ಪುಸ್ತಕ ಬಿಚ್ಚಿ ಕುಳಿತವರನ್ನು ಕಂಡಿದ್ದೇವೆ. ಹೊಳಲ್ಕೆರೆಯ ಬಂಧುಗಳೊಬ್ಬರ ಮನೆಯಿಂದ ಹೊರಟ ಹಸಿರು ರವಿಕೆಯ ಕಣವೊಂದು ಹೊಸದುರ್ಗ, ಚಿತ್ರದುರ್ಗಗಳನ್ನು ಸುತ್ತಿ ಎರಡನೆಯ ವರ್ಷದ ನವರಾತ್ರಿಗೆ ಅದೇ ಮನೆಗೆ ಹಿಂದಿರುಗಿತು. ಅಂಚಿನಲ್ಲಿದ್ದ ಅರಿಸಿನದ ಕಲೆಯಿಂದ ಆ ಮನೆಯ ಗೃಹಿಣಿ ಅದನ್ನು ಗುರುತು ಹಿಡಿದರು. ಪಾತ್ರೆಗಳ ಮೇಲೆ ಹೆಸರು ಕೆತ್ತಿಸುವ ಪದ್ಧತಿಯು ಇಂತಹ ತೀರ್ಥಯಾತ್ರೆಗಳನ್ನು ತಡೆಯುವುದಕ್ಕಾಗಿಯೇ ಹುಟ್ಟಿರಬೇಕು. ದೀಪಾವಳಿಯ ಅಳಿಯಂದಿರ ಕಥೆಗಳನ್ನು ಇಲ್ಲಿ ಎತ್ತುವುದಿಲ್ಲ, ನಮಗೂ ಅಳಿಯಂದಿರಿದ್ದಾರೆ.

ಇಷ್ಟೆಲ್ಲದರ ನಡುವೆ ಚಕ್ರಬಡ್ಡಿಯ ರೋಗ ತಾಗದೆ ಉಳಿದಿರುವುದು ಗೌರೀಹಬ್ಬದ ಬಾಗಿನ. ಸಂಸ್ಕೃತದ ವಾಯನವೇ ನಮ್ಮವರ ಬಾಯಲ್ಲಿ ಬಾಯಿನವಾಗಿ ಬಾಗಿನವಾಯಿತು. ಒಂದರ ಮೇಲೊಂದು ಮುಚ್ಚಿದ ಎರಡು ಬಿದಿರಿನ ಮೊರಗಳು; ಒಳಗೆ ಅಕ್ಕಿ, ತೊಗರಿಬೇಳೆ, ಬೆಲ್ಲ, ತೆಂಗಿನಕಾಯಿ, ಅರಿಸಿನ ಕುಂಕುಮ, ಬಳೆ, ಕರಿಮಣಿ, ಬಾಚಣಿಗೆ, ಕನ್ನಡಿ, ರವಿಕೆಯ ಕಣ. ಸಿರಿವಂತರ ಮೊರದಲ್ಲಿಯೂ ಬಡವರ ಮೊರದಲ್ಲಿಯೂ ಹೆಚ್ಚುಕಡಮೆ ಇವೇ ಇರುವುದರಿಂದ ಹೋಲಿಸಿ ನೋಡುವ ಪ್ರಮೇಯವೇ ಕಡಮೆ. ಅದರ ಮೇಲೆ, ಕೊಡುವಾಕೆ ಮೊರಕ್ಕೆ ಸೆರಗನ್ನು ಮರೆಮಾಡಿ ಕೊಡುತ್ತಾಳೆ. ಕೆರೆ ತುಂಬಿದಾಗ ಗಂಗೆಗೂ ಸಲ್ಲುವುದು ಇದೇ ಬಾಗಿನವೇ.

ದೂರದ ಊರಿಗೆ ಕೊಟ್ಟ ಹೆಣ್ಣುಮಕ್ಕಳಿಗೆ ಬಾಗಿನದ ಹಣವು ತವರಿನಿಂದ ಮನಿಯಾರ್ಡರಿನಲ್ಲಿ ಬರುತ್ತಿದ್ದ ಕಾಲವೊಂದಿತ್ತು. ಫಾರಮಿನ ಕೆಳತುದಿಯಲ್ಲಿ ನಾಲ್ಕು ಮಾತು ಬರೆಯಲು ಸ್ಥಳವಿರುತ್ತಿತ್ತು. ಆ ತುಂಡನ್ನು ಅಂಚೆಯವನು ಹರಿದು ಹಣದೊಡನೆ ಕೊಟ್ಟು ಹೋಗುತ್ತಿದ್ದನು. ಈಗ ಹಣವು ಫೋನಿನ ಮೂಲಕ ಕ್ಷಣಮಾತ್ರದಲ್ಲಿ ತಲುಪುತ್ತದೆ. ಅದು ಸೌಕರ್ಯವಲ್ಲವೆಂದು ನಾವು ಹೇಳುವುದಿಲ್ಲ. ಆದರೆ ಚಿತ್ರದುರ್ಗದಲ್ಲಿ ಎಪ್ಪತ್ತು ದಾಟಿದ ತಾಯಿಯೊಬ್ಬರ ಪೆಟ್ಟಿಗೆಯಲ್ಲಿ ಅಂತಹ ಹನ್ನೊಂದು ತುಂಡುಗಳಿವೆ. ಒಂದರಲ್ಲಿ ಅವರ ತಂದೆಯವರು ಹೀಗೆ ಬರೆದಿದ್ದಾರೆ: “ಈ ಸಲ ಮಳೆ ಇಲ್ಲ ಮಗಳೇ. ಹತ್ತು ರೂಪಾಯಿ ಮಾತ್ರ ಕಳುಹಿಸಿದ್ದೇನೆ. ಬಳೆ ಹಸಿರಿನವೇ ತೊಟ್ಟುಕೋ.”