ಕೌದಿ: ಹಳೆ ಸೀರೆಯ ಎರಡನೇ ಬಾಳು

ಉತ್ತರ ಕರ್ನಾಟಕದ ಹಳ್ಳಿಮನೆಗಳಲ್ಲಿ ಹರಿದ ಸೀರೆಯನ್ನು ಎಸೆಯುವ ರೂಢಿ ಇರಲಿಲ್ಲ. ಒಗೆದು ಒಣಗಿಸಿ ಗಂಟು ಕಟ್ಟಿ ಅಟ್ಟದ ಮೇಲೆ ಇಡುತ್ತಿದ್ದರು. ಅವ್ವನ ಇಳಕಲ್ ಸೀರೆ, ಅಪ್ಪನ ಧೋತರ, ಅಜ್ಜನ ರುಮಾಲು, ಬಣ್ಣ ಮಾಸಿದ ಕುಬಸ, ಮಕ್ಕಳಿಗೆ ಗಿಡ್ಡವಾದ ಅಂಗಿ ಎಲ್ಲವೂ ಆ ಗಂಟಿಗೇ ಸೇರುತ್ತಿದ್ದವು. ಸುಗ್ಗಿ ಮುಗಿದು ಕೈ ಬಿಡುವಾದಾಗ ಗಂಟು ಕೆಳಗಿಳಿಯುತ್ತಿತ್ತು. ಪಡಸಾಲೆಯ ತುಂಬ ಅರಿವೆ ಹರವಿಕೊಂಡು ಹೆಂಗಸರು ಕೌದಿ ಹೊಲಿಯಲು ಕೂರುತ್ತಿದ್ದರು.

ಕೌದಿಯೆಂದರೆ ಹಳೆ ಅರಿವೆಯ ಪದರಗಳನ್ನು ಒಂದರ ಮೇಲೊಂದು ಹಾಸಿ ಕೈಯಿಂದ ಹೊಲಿದ ದಪ್ಪ ಹೊದಿಕೆ. ಹಾಸಲಿಕ್ಕೂ ಅದೇ, ಹೊದೆಯಲಿಕ್ಕೂ ಅದೇ. ಕೇಳಲು ಸರಳವೆನಿಸಿದರೂ ಹೊಲಿಯುವವರ ಪಕ್ಕದಲ್ಲಿ ಸ್ವಲ್ಪ ಹೊತ್ತು ಕೂತು ನೋಡಿದರೆ ಅದರೊಳಗಿನ ಲೆಕ್ಕಾಚಾರ ತಿಳಿಯುತ್ತದೆ. ಅಡಿಗೆ ಬರುವುದು ಇದ್ದುದರಲ್ಲಿ ಗಟ್ಟಿಯಾದ, ಇಡಿಯಾದ ಸೀರೆ. ಅದನ್ನು ಸುಕ್ಕಿಲ್ಲದಂತೆ ಹಾಸಿ, ಮೂಲೆಗಳು ಸರಿಯದಂತೆ ಭಾರ ಇಡುತ್ತಾರೆ. ಮುಟ್ಟಿದರೆ ಹರಿಯುವಷ್ಟು ಜೀರ್ಣವಾದ ಬಟ್ಟೆಗೆ ನಡುವಿನ ಪದರದಲ್ಲಿ ಜಾಗ. ಕಣ್ಣಿಗೆ ಚೆಂದ ಕಾಣುವ ತುಂಡುಗಳು ಮೇಲಕ್ಕೆ ಬರುತ್ತವೆ. ಸುತ್ತ ಅಂಚಿಗೆ ಸೀರೆಯ ದಡಿ ಕೂರುತ್ತದೆ. ಸೀರೆಯಲ್ಲಿ ಒಡಲು ಮೊದಲು ಸವೆಯುತ್ತದೆ, ಒತ್ತಾಗಿ ನೇಯ್ದ ದಡಿ ಮಾತ್ರ ಗಟ್ಟಿ ಉಳಿಯುತ್ತದೆ. ಕೌದಿಯಲ್ಲಿ ಹೆಚ್ಚು ಎಳೆದಾಟಕ್ಕೆ ಸಿಗುವುದು ಅಂಚೇ ಆದ್ದರಿಂದ ದಡಿಗೆ ಅಲ್ಲಿ ಕೆಲಸ ಸಿಕ್ಕಿತು.

ಆಮೇಲೆ ಹೊಲಿಗೆ. ಅದು ಬರೀ ಓಡು ಹೊಲಿಗೆ, ಶಾಲೆಯಲ್ಲಿ ಮಕ್ಕಳಿಗೆ ಮೊದಲು ಕಲಿಸುವಂಥದ್ದು. ಆದರೆ ಬೆರಳಗಲದ ಅಂತರದಲ್ಲಿ, ಈ ಅಂಚಿನಿಂದ ಆ ಅಂಚಿಗೆ, ಸಾಲು ಸಾಲಾಗಿ ಇಡೀ ಕೌದಿಯನ್ನು ತುಂಬಬೇಕು. ಸವೆದ ಬಟ್ಟೆಯನ್ನು ಒಂಟಿಯಾಗಿ ಎಳೆದರೆ ಚರ್ರೆಂದು ಹರಿಯುತ್ತದೆ. ನಾಲ್ಕೈದು ಪದರಗಳನ್ನು ಹೀಗೆ ಒತ್ತಾಗಿ ಹೊಲಿದಾಗ ಎಳೆತ ದಾರಕ್ಕೂ ಎಲ್ಲ ಪದರಗಳಿಗೂ ಹಂಚಿಹೋಗುತ್ತದೆ. ಬಲವಿಲ್ಲದ ಬಟ್ಟೆಗಳನ್ನು ಕೂಡಿಸಿ ಬಲವಾದ ಬಟ್ಟೆ ಮಾಡುವ ಈ ವಿದ್ಯೆ ನನಗೆ ಯಾವ ಕಸೂತಿಗಿಂತಲೂ ದೊಡ್ಡದೆನಿಸುತ್ತದೆ. ಬಟ್ಟೆ ಹಳೆಯದಾಗಿರುವುದು ಇಲ್ಲಿ ಒಂದು ಗುಣವೂ ಹೌದು. ಗಂಜಿ ಬಿಡದ ಹೊಸ ಬಟ್ಟೆಯ ಐದು ಪದರಕ್ಕೆ ಸೂಜಿ ಇಳಿಸಿದರೆ ಬೆರಳು ನೋಯುತ್ತದೆ. ವರ್ಷಗಟ್ಟಲೆ ಒಗೆತ ಕಂಡ ಹತ್ತಿ ಸೂಜಿಗೂ ಮೆತ್ತಗೆ, ಕೂಸಿನ ಮೈಗೂ ಮೆತ್ತಗೆ.

ಮನೆಯಲ್ಲಿ ಹೊಲಿಯುವವರಿಲ್ಲದಿದ್ದರೆ ಗೋಂದಳಿ ಸಮುದಾಯದ ಹೆಂಗಸರು ಊರಿಂದೂರಿಗೆ ಬಂದು ಹೊಲಿದುಕೊಡುತ್ತಿದ್ದರು. ಅರಿವೆ ಮನೆಯವರದು, ಕೈಕೆಲಸ ಅವರದು. ಹೀಗೆ ಹುಟ್ಟಿದ ಕೌದಿಗೆ ಬಿಡುವೆಂಬುದಿರಲಿಲ್ಲ. ಚಿಕ್ಕದು ತೊಟ್ಟಿಲಿಗೆ, ದೊಡ್ಡದು ಚಳಿಗಾಲಕ್ಕೆ. ಮಹಾನವಮಿಯ ಮುಂಚೆ ಮನೆಯ ಹಾಸಿಗೆ ಹೊದಿಕೆಗಳೆಲ್ಲ ಹೊಳೆಗೋ ಕೆರೆಗೋ ಹೋಗುತ್ತವಲ್ಲ, ಆಗ ನೀರು ಕುಡಿದ ಕೌದಿಯನ್ನು ಹಿಂಡಲು ಇಬ್ಬರು ಬೇಕು, ಆ ತುದಿಗೊಬ್ಬರು ಈ ತುದಿಗೊಬ್ಬರು. ಮೇಲ್ಪದರ ಸವೆದರೆ ಅದರ ಮೇಲೆ ತೇಪೆ, ತೇಪೆಯೂ ಸವೆದರೆ ಕಾಳು ಒಣಹಾಕಲು ಅಂಗಳಕ್ಕೆ. ಪೂರ್ತಿ ಹಣ್ಣಾದ ಕೌದಿ ಹೊಸ ಕೌದಿಯ ನಡುಪದರವಾಗಿ ಒಳಗೆ ಹೋಗುತ್ತದೆ. ಹಳೆ ಕೌದಿಯೊಂದನ್ನು ಬಿಚ್ಚಿದರೆ ಒಂದೇ ಮನೆಯ ಎರಡು ಮೂರು ತಲೆಮಾರಿನ ಅರಿವೆ ಸಿಗುವುದು ಹೀಗೆ.

ಉತ್ತರ ಕನ್ನಡದ ಕಾಡಂಚಿನಲ್ಲಿ ಇದೇ ಕೆಲಸಕ್ಕೆ ಬೇರೊಂದು ಚೆಲುವು ಬಂದಿದೆ. ಪೋರ್ಚುಗೀಸರ ಕಾಲದಲ್ಲಿ ಗುಲಾಮರಾಗಿ ಗೋವೆಗೆ ಬಂದ ಆಫ್ರಿಕಾದ ಜನರಲ್ಲಿ ಹಲವರು ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದರು. ಅವರ ಸಂತತಿಯೇ ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ ಸಿದ್ದಿಗಳು. 2003ರಲ್ಲಿ ಅವರು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. ಸಿದ್ದಿ ಹೆಂಗಸರು ಹೊಲಿಯುವ ಹೊದಿಕೆಗೆ ಕವಂದಿ ಎನ್ನುತ್ತಾರೆ. ಬಯಲುಸೀಮೆಯ ಕೌದಿಯಲ್ಲಿ ಹೊಲಿಗೆ ಸಾಲಾಗಿ ನಡೆದರೆ ಕವಂದಿಯಲ್ಲಿ ಅದು ಅಂಚಿನಿಂದ ಹೊರಟು ಸುತ್ತು ಸುತ್ತಾಗಿ ನಡುವಿಗೆ ಬರುತ್ತದೆ. ಹಾಸಿದ ಸೀರೆಯ ಮೇಲೆ ಒಂದು ತುಂಡು ಇಟ್ಟು, ಅದರ ಅಂಚನ್ನು ಉಗುರಿನಿಂದ ಒಳಕ್ಕೆ ಮಡಿಚಿ ಹೊಲಿದು, ಅದಕ್ಕೆ ತಾಗಿಸಿ ಇನ್ನೊಂದು ತುಂಡು ಇಡುತ್ತಾರೆ. ಮೊದಲೇ ಬರೆದಿಟ್ಟ ನಕ್ಷೆಯಿಲ್ಲ, ಅಳತೆಪಟ್ಟಿಯಿಲ್ಲ. ಈ ಕೆಂಪಿನ ಪಕ್ಕ ಯಾವ ಬಣ್ಣ ಎಂಬುದು ಗಂಟಿಗೆ ಕೈಹಾಕಿದಾಗಲೇ ತೀರ್ಮಾನವಾಗುತ್ತದೆ. ನಾಲ್ಕು ಮೂಲೆಗೂ ಬಣ್ಣದ ಚೂರುಗಳನ್ನು ಮುಕ್ಕೋನವಾಗಿ ಮಡಿಚಿ ಒಂದರ ಮೇಲೊಂದಿಟ್ಟು ಹೊಲಿದ ಹೂವು ಬೇಕೇ ಬೇಕು. ಅದಿಲ್ಲದ ಕವಂದಿ ಅವರ ಕಣ್ಣಿಗೆ ಬೆತ್ತಲೆ. ಸಿದ್ದಿಗಳಲ್ಲಿ ಹಿಂದೂಗಳು, ಮುಸ್ಲಿಮರು, ಕ್ರೈಸ್ತರು ಮೂವರೂ ಇದ್ದಾರೆ. ಕೆಲವು ಕವಂದಿಗಳಲ್ಲಿ ಶಿಲುಬೆ ಕಾಣುತ್ತದೆ, ಕೆಲವುಗಳಲ್ಲಿ ಅರ್ಧಚಂದ್ರ.

ಆಫ್ರಿಕಾದ ಕಲೆಯನ್ನು ಅಭ್ಯಾಸ ಮಾಡುವ ಅಮೆರಿಕದ ವಿದ್ವಾಂಸ ಹೆನ್ರಿ ಡ್ರೂವಲ್ ಈ ಹೊದಿಕೆಗಳನ್ನು ಕಂಡು ಬೆರಗಾದರು. ಅವರ ನೆರವಿನಿಂದ 2004ರಲ್ಲಿ ಸಿದ್ದಿ ಹೆಂಗಸರ ಸಹಕಾರಿ ಗುಂಪೊಂದು ಹುಟ್ಟಿತು. 2011ರಲ್ಲಿ ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿರುವ ಶಾಂಬರ್ಗ್ ಕೇಂದ್ರದಲ್ಲಿ ಕವಂದಿಗಳ ಪ್ರದರ್ಶನ ನಡೆಯಿತು. ಈಗ ಅಮೆರಿಕದ ಹೊಲಿಗೆಪ್ರಿಯರು ಕವಂದಿ ಎಂಬ ಹೆಸರಿನಲ್ಲೇ ಈ ಪದ್ಧತಿಯನ್ನು ಕಲಿಯುತ್ತಾರೆ. ನಮ್ಮ ರಾಜಧಾನಿಯಲ್ಲಿ ಇದರ ಹೆಸರು ಕೇಳಿದವರು ಅವರಿಗಿಂತ ಹೆಚ್ಚಿರಲಿ ಎಂಬುದು ನನ್ನ ಆಸೆ.

ಹಳೆ ಬಟ್ಟೆಯ ಸಮಸ್ಯೆ ಇವತ್ತು ಜಗತ್ತಿನದು. ಎಲೆನ್ ಮ್ಯಾಕಾರ್ಥರ್ ಪ್ರತಿಷ್ಠಾನದ 2017ರ ವರದಿಯ ಪ್ರಕಾರ, ಉಡುಪಿಗೆಂದು ಬಳಸಿದ ಸಾಮಗ್ರಿಯಲ್ಲಿ ಮತ್ತೆ ಉಡುಪಾಗುವುದು ಶೇ 1ಕ್ಕಿಂತ ಕಡಿಮೆ. ಕಾರಣ ಬಟ್ಟೆಯಲ್ಲೇ ಇದೆ. ಹತ್ತಿ, ಪಾಲಿಯೆಸ್ಟರ್, ಹಿಗ್ಗುವ ಎಳೆಗಳನ್ನು ಬೆರೆಸಿ ನೇಯ್ದದ್ದನ್ನು ಮತ್ತೆ ಬೇರ್ಪಡಿಸುವುದು ಕಷ್ಟ. ಹರಿಯಾಣದ ಪಾಣಿಪತ್‌ಗೆ ಹೊರದೇಶಗಳ ಹಳೆ ಉಣ್ಣೆ ಉಡುಪು ರಾಶಿಯಾಗಿ ಬರುತ್ತದೆ. ಗುಂಡಿ, ಜಿಪ್ಪು ಕಿತ್ತು, ಬಣ್ಣವಾರು ವಿಂಗಡಿಸಿ, ಯಂತ್ರದಲ್ಲಿ ಚಿಂದಿ ಮಾಡಿ ಮತ್ತೆ ನೂಲು ತೆಗೆಯುತ್ತಾರೆ. ಆದರೆ ಸಿಗಿದಷ್ಟೂ ಎಳೆ ಮೋಟಾಗುತ್ತದೆ. ಅಂಥ ನೂಲು ಅಗ್ಗದ ಕಂಬಳಿಗೆ ಸಾಕು, ಅಂಗಿಗೆ ಸಾಲದು. ಕೌದಿ ಬಟ್ಟೆಯನ್ನು ನೂಲಿಗೆ ಇಳಿಸುವುದೇ ಇಲ್ಲ. ನೇಕಾರರು ಪಟ್ಟ ಶ್ರಮ ಅದರಲ್ಲಿ ಹಾಗೇ ಉಳಿಯುತ್ತದೆ.

ಅದು ಸಾಧ್ಯವಾದದ್ದು ನಾವು ಉಡುತ್ತಿದ್ದ ಬಟ್ಟೆಯಿಂದ. ಸೀರೆ, ಧೋತರ, ರುಮಾಲು ಮೂರೂ ಕತ್ತರಿ ಕಾಣದ ಉದ್ದ ಅರಿವೆಗಳು. ತೋಳಿಲ್ಲ, ಕೊರಳಿಲ್ಲ, ಜೇಬಿಲ್ಲ. ಮೈಯಿಂದ ಇಳಿದ ದಿನವೂ ಮಗ್ಗದಿಂದ ಇಳಿದ ದಿನದಷ್ಟೇ ಅಗಲ. ಕೌದಿ ಕಡಿಮೆಯಾಗಲು ಹೆಂಗಸರ ಸೋಮಾರಿತನ ಕಾರಣವೆಂದು ಹಳಬರು ಗೊಣಗುವುದನ್ನು ಕೇಳಿದ್ದೇನೆ. ನಾನು ಒಪ್ಪುವುದಿಲ್ಲ. ಅಟ್ಟದ ಗಂಟಿನೊಳಗಿನ ಬಟ್ಟೆಯೇ ಬದಲಾಯಿತು. ಪಾಲಿಯೆಸ್ಟರ್ ಸೀರೆ ಸೂಜಿಯ ಕೆಳಗೆ ಜಾರುತ್ತದೆ, ಬೆವರು ಹೀರುವುದಿಲ್ಲ, ಬೇಸಿಗೆಯಲ್ಲಿ ಮೈಗೆ ಅಂಟುತ್ತದೆ. ಲೆಗ್ಗಿಂಗ್ಸಿನಿಂದ ಕೌದಿಯಾಗದು.

ಕರಕುಶಲ ಮೇಳಗಳಲ್ಲಿ, ಪಟ್ಟಣದ ಅಂಗಡಿಗಳಲ್ಲಿ ಈಗ ಕೌದಿ ಮತ್ತೆ ಕಾಣುತ್ತಿದೆ. ಜಾಕೆಟ್ಟು, ಕೈಚೀಲ, ದಿಂಬಿನ ಗವಸು ಆಗಿಯೂ ಬರುತ್ತಿದೆ. ಹಳೆ ಸೀರೆಯಿಂದ ಮಾಡಿದ್ದರೆ ಸಂತೋಷ. ಆದರೆ ಬಣ್ಣ ಹೊಂದಲಿ ಎಂದು ಥಾನುಗಟ್ಟಲೆ ಹೊಸ ಬಟ್ಟೆ ತಂದು, ಚೌಕ ಚೌಕವಾಗಿ ಕತ್ತರಿಸಿ ಹೊಲಿಸಿದ ಕೌದಿಗಳೂ ಅದೇ ಸಾಲಿನಲ್ಲಿ ಇವೆ. ಅವು ಬಟ್ಟೆಯನ್ನು ಉಳಿಸುವುದಿಲ್ಲ, ಖರ್ಚು ಮಾಡುತ್ತವೆ. ಕೊಳ್ಳುವಾಗ ಇದು ಯಾರ ಹಳೆ ಅರಿವೆ ಎಂದು ಕೇಳಬೇಕು.

ಅದಕ್ಕಿಂತ ಒಳ್ಳೆಯದು ಮನೆಯ ಅರಿವೆಯನ್ನೇ ಕೊಟ್ಟು ಹೊಲಿಸುವುದು. ಧಾರವಾಡ, ಬೆಳಗಾವಿ, ಬಾಗಲಕೋಟೆ ಕಡೆ ಹೊಲಿದುಕೊಡುವ ಕೈಗಳು ಇನ್ನೂ ಇವೆ. ಹತ್ತಿ ಸೀರೆ, ಪಂಚೆ, ಹಳೆ ಹಾಸಿಗೆ ಹೊದಿಕೆ ಆರಿಸಿ, ಒಗೆದು ಒಣಗಿಸಿ ಕೊಡಿ. ಬೀರುವಿನಲ್ಲಿ ಅಮ್ಮನ ಸೀರೆಗಳನ್ನು ಉಡಲೂ ಆಗದೆ ಕೊಡಲೂ ಮನಸ್ಸಾಗದೆ ಇಟ್ಟುಕೊಂಡವರಿಗೆ ಇದಕ್ಕಿಂತ ಹಿತವಾದ ದಾರಿ ನನಗೆ ಗೊತ್ತಿಲ್ಲ. ಚೌಕಾಸಿ ಮಾತ್ರ ಬೇಡ. ಅರಿವೆ ನಮ್ಮದೇ ಅಲ್ಲವೇ, ಬರೀ ಹೊಲಿಗೆಗೆ ಇಷ್ಟೊಂದೇ ಎಂಬ ಮಾತು ಈ ಕೆಲಸದವರು ತುಂಬಾ ಕೇಳಿದ್ದಾರೆ. ಒಂದು ದೊಡ್ಡ ಕೌದಿ ದಿನಗಟ್ಟಲೆಯ ಕೆಲಸ, ಬೆನ್ನು ಬಗ್ಗಿಸಿ ಮಾಡುವ ಕೆಲಸ. ಊರಿನಲ್ಲಿ ಒಂದು ದಿನದ ಕೂಲಿ ಎಷ್ಟೆಂದು ವಿಚಾರಿಸಿ, ಹೊಲಿದ ದಿನಗಳ ಲೆಕ್ಕ ಹಾಕಿ, ಅದಕ್ಕಿಂತ ಕಡಿಮೆಯಾಗದಂತೆ ಕೊಡಿ.