ಮದುವೆಯ ಕಾಣಿಕೆಯಿಂದ ನಡೆದ ಶಾಲೆ

ವಿಜಯಪುರ ಜಿಲ್ಲೆಯ ಇಂಡಿಯಿಂದ ಸಿಂದಗಿ, ಮುದ್ದೇಬಿಹಾಳಗಳನ್ನು ಹಾಯ್ದು ಬಸವನ ಬಾಗೇವಾಡಿಗೆ ಸಾಗುವ ದೀರ್ಘ ಪಯಣದಲ್ಲಿ ಕಣ್ಣಿಗೆ ಮೊದಲು ಬೀಳುವುದು ನಿಂಬೆಯ ತೋಟಗಳು. ಇಂಡಿಯ ನಿಂಬೆಗೆ ಭೌಗೋಳಿಕ ಸೂಚಕ, ಅಂದರೆ ಬೆಳೆಯನ್ನು ಅದರ ನೆಲದ ಹೆಸರಿನೊಂದಿಗೆ ಬೆಸೆದು ಕಾನೂನು ನೀಡುವ ಗುರುತು, ದೊರೆತಿದೆ.

ಆದರೆ ವಾಹನವನ್ನು ನಿಜಕ್ಕೂ ನಿಲ್ಲಿಸಬೇಕಾದುದು ಇಂಡಿಯ ಸಮೀಪದ ಸಾಲೋಟಗಿಯಲ್ಲಿ. ರಾಷ್ಟ್ರಕೂಟ ಅರಸ ಮುಮ್ಮಡಿ ಕೃಷ್ಣನ ಮಂತ್ರಿಯಾಗಿದ್ದ ನಾರಾಯಣನು ಇಲ್ಲಿ ಕಟ್ಟಿಸಿದ ಶಾಲೆಗೆ ನಾನಾ ನಾಡುಗಳಿಂದ ವಿದ್ಯಾರ್ಥಿಗಳು ಬರುತ್ತಿದ್ದರೆಂದೂ, ಅವರ ವಸತಿಗಾಗಿ 27 ಮನೆಗಳಿದ್ದುವೆಂದೂ, ದೀಪದ ಖರ್ಚಿಗೆ 12 ನಿವರ್ತನ, ಅಂದರೆ ಅಂದಿನ ಅಳತೆಯ ಭೂಮಿ, ಮೀಸಲಾಗಿತ್ತೆಂದೂ 945ರ ಕಂಬಶಾಸನ ತಿಳಿಸುತ್ತದೆ. ಊರಿನಲ್ಲಿ ನಡೆಯುವ ಪ್ರತಿ ಮದುವೆಗೆ 5 ನಾಣ್ಯಗಳೂ ಉಪನಯನಕ್ಕೆ ಅದರ ಅರ್ಧವೂ ಶಾಲೆಗೆ ಸಲ್ಲಬೇಕಿತ್ತು. ಇಂದಿನ ಮದುವೆ ಮಂಟಪಗಳಿಗೂ ಇಂಥ ನಿಯಮ ಒಪ್ಪುವಂತಿದೆ.

ಮುಂದಿನ ದಾರಿಯ ಖಾನಾವಳಿಗಳಲ್ಲಿ, ಅಂದರೆ ರೊಟ್ಟಿಯೂಟದ ಮನೆಗಳಲ್ಲಿ, ಮುರಿದರೆ ಸದ್ದಾಗುವ ಕಟಕ ರೊಟ್ಟಿಯೂ ಅದರ ಬದಿಗೆ ಶೇಂಗಾ ಹಿಂಡಿ, ಮೊಸರೂ ತಟ್ಟೆಗೆ ಬರುತ್ತವೆ. ಕಡೆಗೆ ಬಾಗೇವಾಡಿ ತಾಲ್ಲೂಕಿನ ಇಂಗಳೇಶ್ವರದ ವಚನ ಶಿಲಾ ಮಂಟಪ ಸಿಗುತ್ತದೆ. ಪುಸ್ತಕದ ಪುಟ ತಿರುವುವ ಬದಲು ಓದುಗನೇ ಕಲ್ಲಿನಿಂದ ಕಲ್ಲಿಗೆ ನಡೆಯುತ್ತ ವಚನಗಳನ್ನು ಓದಬೇಕಾದ ತಾಣವಿದು.